ಕಡಿಮೆ ದರದ ವಚನ

ದೊಡ್ಡ ಹೋಟೆಲ್ ಕಂಪನಿಗಳು ಗಿರಾಕಿಗಳಿಗೆ ಒಂದು ವಚನವನ್ನು ಕೊಡುತ್ತಿರುವದು ವಾಚಕರಲ್ಲಿ ಕೆಲವರಿಗಾದರೂ ಗೊತ್ತಿರಬಹುದು. ನಮ್ಮಲ್ಲಿ ಕಾಯ್ದಿರಿಸಿದ ಕೋಣೆಯೇ, ಅದೇ ದಿನಕ್ಕೆ, ಅದೇ ಕರಾರುಗಳ ಮೇಲೆ ಬೇರೆ ಜಾಲತಾಣದಲ್ಲಿ ಸೋವಿಯಾಗಿ ಕಂಡರೆ ತೋರಿಸಿರಿ, ಆ ದರಕ್ಕೇ ಕೊಡುವೆವು ಎಂಬುದೇ ಆ ವಚನ. ಹಿಲ್ಟನ್ ಕಂಪನಿಯು ಅದರ ಮೇಲೆ ನೂರಕ್ಕೆ 25ರಷ್ಟು ರಿಯಾಯತಿಯನ್ನೂ ಸಾರಿದೆ. ಇದನ್ನೇ ಒಂದು ಉದ್ಯೋಗ ಮಾಡಿಕೊಂಡವರಿದ್ದಾರೆ. ಯಾವದೋ ಮೂಲೆಯ ಜಾಲತಾಣದಲ್ಲಿ ಕಣ್ತಪ್ಪಿನಿಂದ ಬಿದ್ದ ದರವನ್ನು ಹುಡುಕಿ ತೆಗೆದು, ಅದನ್ನೇ ಮುಂದೆ ಹಿಡಿದು ತೀರ ಅಗ್ಗಕ್ಕೆ ಕೋಣೆ ಪಡೆಯುತ್ತಾರೆ. ಇದು ಜಾಣತನವೋ, ವಂಚನೆಯೋ?

"ಕೊಟ್ಟ ಮಾತನ್ನು ಕೇಳಿ ಪಡೆಯುವದರಲ್ಲಿ ತಪ್ಪೇನು?" ಎಂದು ನನ್ನ ಸಹಪಾಠಿಗಳು ವಾದಿಸುತ್ತಾರೆ. ಈ ಮಾತಿನ ಅರ್ಧವನ್ನು ನಾನೂ ಒಪ್ಪುತ್ತೇನೆ. ಕಂಪನಿಯ ವಚನವು ದಾನಧರ್ಮವಲ್ಲ. ಗಿರಾಕಿಯು ಹತ್ತು ಕಡೆ ವಿಚಾರಿಸುವದನ್ನು ಬಿಡಲಿ, ನಡುವಿನವರಿಗೆ ಕೊಡುವ ದಲಾಲಿ ಉಳಿಯಲಿ ಎಂಬುದೇ ಅದರ ಉದ್ದೇಶ. ಅರ್ಥಶಾಸ್ತ್ರಜ್ಞರಲ್ಲಿ ಕೆಲವರು ಇನ್ನೊಂದು ಸಂಗತಿಯನ್ನು ಹೇಳುತ್ತಾರೆ. ತಾನು ದರ ಇಳಿಸಿದ ಕೂಡಲೆ ಎದುರಿನವನೂ ಇಳಿಸುವನೆಂದು ಗೊತ್ತಿದ್ದರೆ ವ್ಯಾಪಾರಿಯು ಇಳಿಸುವ ಗೋಜಿಗೇ ಹೋಗುವದಿಲ್ಲ. ಹೀಗೆ ಕಡಿಮೆ ದರದ ವಚನವೇ ದರ ಇಳಿಯದಂತೆ ಕಾಯಬಲ್ಲದು. ನಮ್ಮ ದೇಶದಲ್ಲಿಯೇ 2022ರ ಅಕ್ಟೋಬರ ತಿಂಗಳಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಮೇಕ್‌ಮೈಟ್ರಿಪ್-ಗೋಐಬಿಬೊ ಸಂಸ್ಥೆಗೆ 223.48 ಕೋಟಿ ರೂಪಾಯಿ ದಂಡ ಹಾಕಿತು. ಹೋಟೆಲಿನವರು ತಮ್ಮ ಸ್ವಂತ ಜಾಲತಾಣದಲ್ಲಿಯೂ ಇದಕ್ಕಿಂತ ಕಡಿಮೆ ದರ ಹಾಕಕೂಡದೆಂಬ ಕರಾರು ಅಲ್ಲಿಯ ಆಕ್ಷೇಪಗಳಲ್ಲೊಂದು. ದೊಡ್ಡವರ ಲೆಕ್ಕ ಹೀಗಿರುವಾಗ, ನಿಜವಾದ ಕಡಿಮೆ ದರವನ್ನು ತೋರಿಸಿ ವಚನ ನಡೆಸಿಕೊಡಿರೆಂದು ಕೇಳುವವನಲ್ಲಿ ನನಗೆ ದೋಷ ಕಾಣುವದಿಲ್ಲ.

ಆದರೆ ತಪ್ಪು ದರವೆಂದು ತಿಳಿದೂ ಅದನ್ನು ಮುಂದೊಡ್ಡುವವನು ಸುಳ್ಳುಸಾಕ್ಷಿ ಹೇಳಿದಂತೆಯೇ ಸರಿ. ಅಂಗಡಿಯವನು ಮರೆತು ಹೆಚ್ಚು ಚಿಲ್ಲರೆ ಕೊಟ್ಟರೆ ತಿರುಗಿ ಕೊಡಬೇಕೆಂದು ನಮಗೆ ಯಾವ ಕಾಲೇಜೂ ಕಲಿಸಬೇಕಾಗಿಲ್ಲ.

ಈ ಚಟವು ದೊಡ್ಡ ಹೋಟೆಲುಗಳಲ್ಲಿಯೇ ನಿಂತಿಲ್ಲ. ಗೋಳಗುಮ್ಮಟ, ಇಬ್ರಾಹಿಂ ರೋಜಾ ನೋಡಲು ಬಂದವರು ನಮ್ಮ ವಿಜಯಪುರದ ಸಣ್ಣ ಲಾಡ್ಜಿನಲ್ಲಿಯೂ ಮೊಬೈಲು ಹಿಡಿದು, "ಆ್ಯಪಿನ್ಯಾಗ ಇಷ್ಟ ಐತಿ, ಕೊಡ್ತೀರೇನ್ರಿ?" ಎನ್ನುತ್ತಾರೆ. ತೋರಿಸಿದ ದರವು ಒಮ್ಮೊಮ್ಮೆ ಬೇರೆ ದಿನದ್ದು, ಬೇರೆ ಕೋಣೆಯದು. ಹತ್ತೇ ಕೋಣೆಗಳ ಆ ಮಾಲಕನು ಯಾರಿಗೂ ವಚನ ಕೊಟ್ಟವನಲ್ಲ. ರಾತ್ರಿ ಕೋಣೆ ಖಾಲಿ ಬಿದ್ದೀತೆಂದು ಅಂಜಿ ಒಪ್ಪುತ್ತಾನೆ. ಕಡಿಮೆಯಾದ ಇನ್ನೂರು ರೂಪಾಯಿ ಕೋಣೆ ಗುಡಿಸುವವರ ಪಗಾರದಿಂದ ಹೋಗುವದೋ ಏನೋ, ಪ್ರವಾಸಿಗೆ ಅದರ ಗೊಡವೆಯಿಲ್ಲ.

ತಿಕೋಟಾ, ಬಬಲೇಶ್ವರ ಕಡೆಯ ನಮಗೆ ಈ ವರಸೆ ಹೊಸದಲ್ಲ. ನಮ್ಮ ಮನೆಯಲ್ಲಿ ಬಿ.ಎ. ತರಗತಿಯವರೆಗೆ ಬಂದವನು ನಾನೇ ಮೊದಲಿಗ. ಉಳಿದವರೆಲ್ಲ ದ್ರಾಕ್ಷಿಯ ಪಡದಲ್ಲಿ ದುಡಿಯುವವರು. ಗೊನೆ ಕೊಯ್ದು, ಔಷಧದ ನೀರಿನಲ್ಲಿ ಅದ್ದಿ, ಶೆಡ್ಡಿನ ನೆರಳಲ್ಲಿ ಎರಡು ಮೂರು ವಾರ ಒಣಗಿಸಿ, ಒಣದ್ರಾಕ್ಷಿಯನ್ನು ತಾಸಗಾಂವ ಇಲ್ಲವೆ ಸಾಂಗ್ಲಿಯ ಪೇಟೆಗೆ ಒಯ್ಯುತ್ತೇವೆ. "ನಿನ್ನೆ ಇದಕ್ಕಿಂತ ಚಲೋ ಮಾಲು ಇದಕ್ಕಿಂತ ಕಡಿಮಿಗೆ ಹೋತು" ಎಂದು ಕೊಳ್ಳುವವನು ಅಂದರೆ ತಂದೆಯವರಲ್ಲಿ ಮರುಮಾತಿರುವದಿಲ್ಲ. ಬಾಡಿಗೆ ಕೊಟ್ಟು ತಂದ ಮಾಲನ್ನು ತಿರುಗಿ ಒಯ್ಯುವದೆಲ್ಲಿಗೆ? ಅವನು ಹೇಳಿದ ದರ ನಿಜವಿರಲಿ ಸುಳ್ಳಿರಲಿ, ಅದಕ್ಕೆ ಸರಿಗಟ್ಟಲೇಬೇಕು.

ಪ್ರವಾಸಕ್ಕೆ ಹೊರಟಾಗ ಕೋಣೆ ಗೊತ್ತುಮಾಡುವ ಹೊಣೆ ವಿದ್ಯಾರ್ಥಿಗಳ ಮೇಲೆಯೇ ಬೀಳುವದುಂಟು. ಲಾಡ್ಜಿನವರ ಮುಂದೆ ಮೊಬೈಲು ಹಿಡಿಯುವ ಗೆಳೆಯರು ದರದ ಜೊತೆಗೆ ಅದರ ತಾರೀಖನ್ನೂ ಕೋಣೆಯ ವಿವರವನ್ನೂ ತೋರಿಸಲಿ. ಮಾಲಕರು "ಆಗೂದಿಲ್ಲ" ಅಂದರೆ ಮುಂದಿನ ಲಾಡ್ಜಿಗೆ ನಡೆಯಲಿ.