ಬೆನ್ನಿನ ಡಿಸ್ಕಿಗೂ ಹಸಿವಾಗುತ್ತದೆ



ತುರುವೇಕೆರೆ ತಾಲ್ಲೂಕಿನ ದಂಡಿನಶಿವರದ ಸುತ್ತಮುತ್ತ ಎಲ್ಲಿ ನೋಡಿದರೂ ತೆಂಗಿನ ತೋಟ. ಅಲ್ಲಿ ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಆ ಕಾಯಿ ಸುಲಿದು, ಮೂಟೆ ಹೊತ್ತ ಹಿರಿಯರು ಸಂಜೆ ಜಗಲಿಯ ಮೇಲೆ ಕುಳಿತು ಸೊಂಟ ನೀವಿಕೊಳ್ಳುವುದನ್ನೂ ನೀವು ನೋಡಿರುತ್ತೀರಿ. "ಮೂಟೆ ಹೊತ್ತೂ ಹೊತ್ತೂ ಡಿಸ್ಕ್ ಸವೆದುಹೋಗಿದೆ" ಎಂದು ಯಾರಾದರೂ ಹೇಳಿಬಿಡುತ್ತಾರೆ. ಈ ಮಾತು ಪೂರ್ತಿ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಏಕೆಂದು ನೋಡೋಣ.

ನಮ್ಮ ಬೆನ್ನುಮೂಳೆಯ ಮಣಿಗಳ ನಡುವೆ 23 ಡಿಸ್ಕ್‌ಗಳಿವೆ. ಸುತ್ತಲೂ ಗಟ್ಟಿ ನಾರಿನ ಪದರಗಳು, ನಡುವೆ ಲೋಳೆಯಂಥ ತಿರುಳು. ಎಳನೀರಿನ ಗಂಜಿಯನ್ನು ನೆನೆಸಿಕೊಳ್ಳಿ. ಹಗಲೆಲ್ಲ ಮೈಭಾರಕ್ಕೆ ಇದರಿಂದ ನೀರು ಸ್ವಲ್ಪ ಹಿಂಡಿಹೋಗುತ್ತದೆ. ರಾತ್ರಿ ಮಲಗಿದಾಗ ಮತ್ತೆ ತುಂಬಿಕೊಳ್ಳುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಗೋಡೆಗೆ ಒರಗಿ ನಿಂತು ತಲೆಯ ಮಟ್ಟಕ್ಕೆ ಗೆರೆ ಹಾಕಿಸಿಕೊಳ್ಳಿ, ರಾತ್ರಿ ಮತ್ತೊಮ್ಮೆ ಅಳೆಯಿರಿ. ದೊಡ್ಡವರಲ್ಲಿ ಸುಮಾರು 1ರಿಂದ 2 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ!

ಬೆಳೆದವರ ಡಿಸ್ಕಿನ ತಿರುಳಿನಲ್ಲಿ ರಕ್ತನಾಳವೇ ಇಲ್ಲ. ಹಾಗಾದರೆ ಅಲ್ಲಿನ ಜೀವಕೋಶಗಳಿಗೆ ಊಟ ಎಲ್ಲಿಂದ? ಮೇಲಿನ ಮತ್ತು ಕೆಳಗಿನ ಮೂಳೆಯ ರಕ್ತನಾಳಗಳಿಂದ ಗ್ಲೂಕೋಸ್ ಮತ್ತು ಆಮ್ಲಜನಕ, ತೆಳುವಾದ ಮೃದ್ವಸ್ಥಿಯ ತಟ್ಟೆಯ ಮೂಲಕ ಒಳಗೆ ಹರಡುತ್ತವೆ. ಲೋಟದ ನೀರಿಗೆ ಒಂದು ಹನಿ ಶಾಯಿ ಬಿಟ್ಟರೆ ಹರಡುತ್ತದಲ್ಲ, ಹಾಗೆ. ಜೀವಕೋಶದ ಕಸವಾದ ಲ್ಯಾಕ್ಟಿಕ್ ಆಮ್ಲವೂ ಅದೇ ದಾರಿಯಲ್ಲಿ ಹೊರಬರಬೇಕು. ವಯಸ್ಸಾದಂತೆ ಆ ತಟ್ಟೆ ಸುಣ್ಣಗಟ್ಟಿದರೆ ದಾರಿ ಕಟ್ಟುತ್ತದೆ.

ಬದುಕಿರುವ ಮನುಷ್ಯನ ಡಿಸ್ಕಿನೊಳಗೆ ಎಷ್ಟು ಗ್ಲೂಕೋಸ್ ಇದೆ ಎಂದು ಸೂಜಿ ಚುಚ್ಚಿ ನೋಡುತ್ತಾ ಕೂರಲಾಗದು. ಅದಕ್ಕೇ ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಡಿಸ್ಕಿನ ಮಾದರಿ ಮಾಡುತ್ತಾರೆ. ಅದನ್ನು ಸಾವಿರಾರು ಚಿಕ್ಕ ತುಂಡುಗಳಾಗಿ ವಿಂಗಡಿಸಿ, ಒಂದೊಂದು ತುಂಡಿಗೂ ಎಷ್ಟು ಆಹಾರ ಬಂತು, ಎಷ್ಟು ಖರ್ಚಾಯಿತು ಎಂದು ಲೆಕ್ಕ ಹಾಕುತ್ತಾರೆ. ನಿಮ್ಮ ಮನೆಯವರು ತೋಟದ ನೀರಿನ ಲೆಕ್ಕ ಹಾಕುವಂತೆಯೇ. ದಾರಿ ಕಟ್ಟಿದಾಗ ಕಾಲುವೆಯ ಕೊನೆಯ ಮರದಂತೆ ನಡುಭಾಗದ ಜೀವಕೋಶಗಳೇ ಮೊದಲು ಹಸಿಯುತ್ತವೆ ಎಂದು ಈ ಮಾದರಿಗಳು ತೋರಿಸಿವೆ.

ಆದರೆ ಮಾದರಿಗೆ ಕೊಟ್ಟ ಅಂಕಿ ತಪ್ಪಾದರೆ ಉತ್ತರವೂ ತಪ್ಪು. ಆದ್ದರಿಂದ ಪ್ರಯೋಗವೂ ಬೇಕು. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಜಿಲ್ ಅರ್ಬನ್ ಮತ್ತು ಅವರ ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಡಿಸ್ಕಿನ ಜೀವಕೋಶಗಳು ಆಮ್ಲಜನಕವಿಲ್ಲದೆ ಹಲವು ದಿನ ತಡೆದುಕೊಂಡವು, ಗ್ಲೂಕೋಸ್ ಇಲ್ಲದೆ ಸತ್ತವು.

ಇನ್ನು ಮೂಟೆಯ ವಿಷಯ. ಫಿನ್‌ಲೆಂಡಿನ ಅವಳಿಗಳ ಬೆನ್ನುಗಳನ್ನು ಹೋಲಿಸಿ ನೋಡಿದಾಗ, ಡಿಸ್ಕ್ ಸವೆಯುವುದರಲ್ಲಿ ಹೊರೆ ಕೆಲಸಕ್ಕಿಂತ ವಂಶಪಾರಂಪರ್ಯದ ಪಾಲೇ ಹೆಚ್ಚು ಎಂದು ಕಂಡುಬಂತು. ಅಲ್ಲದೆ ಸವೆದ ಡಿಸ್ಕ್ ಇದ್ದೂ ನೋವೇ ಇಲ್ಲದವರು ಬಹಳ ಮಂದಿ. ಹೀಗಿರುವಾಗ ದುಡಿದ ಅಜ್ಜನಿಗೆ "ನೀನೇ ಬೆನ್ನು ಹಾಳುಮಾಡಿಕೊಂಡೆ, ಇನ್ನು ಅಲುಗಾಡಬೇಡ" ಎನ್ನುವುದು ನ್ಯಾಯವಲ್ಲ, ಒಳ್ಳೆಯ ಸಲಹೆಯೂ ಅಲ್ಲ. ಸಾಮಾನ್ಯ ಬೆನ್ನುನೋವಿಗೆ ಹಾಸಿಗೆ ಹಿಡಿಯುವುದಕ್ಕಿಂತ ಆದಷ್ಟು ಓಡಾಡಿಕೊಂಡಿರಿ ಎಂದೇ ವೈದ್ಯರು ಹೇಳುತ್ತಾರೆ. ಕಾಲಿನ ಶಕ್ತಿ ಕುಂದಿದರೆ, ಮೂತ್ರ ಕಟ್ಟಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅಜ್ಜ ಬೀಡಿ ಸೇದುತ್ತಿದ್ದರೆ ಅದನ್ನು ಬಿಡಿಸಲು ನೋಡಿ. ಹೊಗೆ ರಕ್ತನಾಳಗಳನ್ನು ಕೆಡಿಸುತ್ತದೆ, ಡಿಸ್ಕಿನ ಊಟ ಬರುವುದೂ ರಕ್ತದಿಂದಲೇ ತಾನೆ?

"ಹಾಗಾದರೆ ನಾವೂ ಮೂಟೆ ಹೊರಬಹುದು" ಎನ್ನಬೇಡಿ. ಅವಳಿಗಳ ಅಧ್ಯಯನ ದೊಡ್ಡವರದು, ನಿಮ್ಮದು ಇನ್ನೂ ಬೆಳೆಯುವ ಮೈ. 6ರಿಂದ 8ನೇ ತರಗತಿಯವರ ಶಾಲಾ ಚೀಲ 3ರಿಂದ 4 ಕಿಲೋ ಮೀರಬಾರದೆಂದು ನಮ್ಮ ರಾಜ್ಯ ಸರ್ಕಾರ 2019ರಲ್ಲಿ ಹೇಳಿತು. ಪಕ್ಕದ ಅಂಗಡಿಯ ತಕ್ಕಡಿಯಲ್ಲಿ ನಿಮ್ಮ ಚೀಲವನ್ನು ಒಮ್ಮೆ ತೂಗಿಸಿ ನೋಡಿ.