ಹೊಲ ಮಾರಿ ಸೈಟು ಕೊಳ್ಳುವ ಲೆಕ್ಕ

ಗಿರಣಿಯ ಗೇಟಿನೆದುರಿನ ವಿದ್ಯುತ್ ಕಂಬಕ್ಕೆ ಒಂದು ಹಳದಿ ಕಾಗದ ಅಂಟಿಸಿದ್ದಾರೆ. "ಹೊಲ, ಗದ್ದೆ, ಖಾಲಿ ಸೈಟು ಕೊಳ್ಳಲಾಗುವುದು. ಕಾಗದಪತ್ರದಲ್ಲಿ ತೊಡಕಿದ್ದರೂ ಸರಿ. ಒಂದೇ ವಾರದಲ್ಲಿ ನಗದು" ಎಂದು ದಪ್ಪಕ್ಷರಗಳಲ್ಲಿದೆ. ಕೆಳಗೆ ಒಂದು ಫೋನ್ ಸಂಖ್ಯೆ, ಹೆಸರಿಲ್ಲ, ವಿಳಾಸವಿಲ್ಲ. ಪಾಳಿ ಬಿಟ್ಟ ಹೊತ್ತಿನಲ್ಲಿ ಅದರ ಮುಂದೆ ನಿಂತು ಸಂಖ್ಯೆ ಬರೆದುಕೊಳ್ಳುವ ಕೆಲಸಗಾರರನ್ನು ನಾವು ಕಂಡಿದ್ದೇವೆ. ಇತ್ತ ಬಜಾರಿನ ಕಂಬಗಳ ಮೇಲೆ ಇನ್ನೊಂದು ಕಾಗದ: "ಹೆದ್ದಾರಿಗೆ ಹೊಂದಿದ ಸೈಟುಗಳು. ತಿಂಗಳ ಕಂತಿನಲ್ಲಿ ನಿಮ್ಮದಾಗಿಸಿಕೊಳ್ಳಿ." ಇದರ ಮುಂದೆ ನಿಲ್ಲುವವರು ಕಿರಾಣಿ ಅಂಗಡಿಯವರು, ಬಟ್ಟೆ ವ್ಯಾಪಾರದವರು, ಹೋಟೆಲು ನಡೆಸುವವರು.

ಈ ಎರಡು ಕಾಗದಗಳು ಬೇರೆ ಬೇರೆಯಲ್ಲ. ಒಂದೇ ವ್ಯಾಪಾರದ ಎರಡು ತುದಿಗಳು. ಗೇಟಿನ ಕಂಬದ ಬಳಿ ಮಾರಿಹೋದ ಹೊಲವೇ ಬಜಾರಿನ ಕಂಬದ ಬಳಿ ಸೈಟಾಗಿ ಹುಟ್ಟುತ್ತದೆ. ಮಾರುವವನೂ ಬಡವ, ಕೊಳ್ಳುವವನೂ ಬಡವ. ಇವರಿಬ್ಬರ ನಡುವೆ ಏನಾಗುತ್ತದೆ ಎಂಬುದನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮಾರುವವರನ್ನು ಹಳಿಯುವುದು ನಮ್ಮ ಇಚ್ಛೆಯಲ್ಲ. ಹಳ್ಳಿಯಲ್ಲಿ ಒಂದೆರಡು ಎಕರೆ ಖುಷ್ಕಿ ಜಮೀನು, ಅದನ್ನು ನೋಡಿಕೊಳ್ಳುವ ಅಣ್ಣ ಅಥವಾ ತಮ್ಮ, ಸುಗ್ಗಿಯಲ್ಲಿ ಒಂದೆರಡು ಚೀಲ ಜೋಳ: ನಮ್ಮ ಗಿರಣಿ ಬಂಧುಗಳಲ್ಲಿ ಅನೇಕರ ಸ್ಥಿತಿ ಇದು. ಹೆಂಡತಿಗೆ ಶಸ್ತ್ರಚಿಕಿತ್ಸೆ ಆಗಬೇಕು, ಮಗಳ ಮದುವೆ ನಿಶ್ಚಯವಾಗಿದೆ, ಮಗನ ಕಾಲೇಜಿನ ಶುಲ್ಕದ ಗಡುವು ಮುಗಿಯುತ್ತಿದೆ. ಹಬ್ಬದ ಬೋನಸ್ಸಿನಿಂದ ಇವೆಲ್ಲ ತೀರುವುದಿಲ್ಲ. ಆಗ ಕಂಬದ ಮೇಲಿನ ಕಾಗದ ದೇವರು ಬರೆದಂತೆ ಕಾಣುತ್ತದೆ.

ನಮಗೆ ಪರಿಚಿತರಾದ ಒಬ್ಬ ನೂಲುವ ವಿಭಾಗದ ಕೆಲಸಗಾರರು ಮಗಳ ಮದುವೆಗೆ ಮೂರು ವಾರವಿರುವಾಗ ತಮ್ಮ ಪಾಲಿನ ಹೊಲವನ್ನು ಹೀಗೆ ಮಾರಿದರು. ಮುಂಗಡ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಬಂತು. ಪತ್ರದಲ್ಲಿ ಬರೆದ ಬೆಲೆ ಒಂದು, ಬಾಯಲ್ಲಿ ಆಡಿದ ಬೆಲೆ ಇನ್ನೊಂದು. "ಉಳಿದದ್ದು ಸಹಿಯಾದ ಮರುದಿನ" ಎಂದರು. ಆ ಮರುದಿನ ಇನ್ನೂ ಬಂದಿಲ್ಲ. ವಕೀಲರ ಬಳಿ ಹೋದರೆ, "ಪತ್ರದಲ್ಲಿರುವಷ್ಟು ಹಣ ತಲುಪಿದೆಯೆಂದು ನೀವೇ ಸಹಿ ಹಾಕಿದ್ದೀರಲ್ಲ?" ಎಂದು ಅವರು ಕೇಳಿದರು. ಮದುವೆಯೇನೋ ಆಯಿತು. ಆದರೆ ಹಬ್ಬಕ್ಕೆ ಊರಿಗೆ ಹೋದಾಗ ಹೊಲದ ಕಡೆಯ ದಾರಿಯಲ್ಲಿ ತಾವು ನಡೆಯುವುದಿಲ್ಲವೆಂದು ಅವರು ನಮಗೆ ಹೇಳಿದರು.

ಲೆಕ್ಕ ನೋಡೋಣ

ನಾವು ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಕಲಿಸುತ್ತಿದ್ದವರು. ಆದುದರಿಂದ ಈ ವ್ಯವಹಾರವನ್ನು ಕರಿಹಲಗೆಯ ಮೇಲೆ ಬರೆದಂತೆ ಬರೆಯುತ್ತೇವೆ. ಒಂದು ಎಕರೆಗೆ 40 ಗುಂಟೆ, ಅಂದರೆ 43,560 ಚದರಡಿ. ರಸ್ತೆ, ಚರಂಡಿ, ಉದ್ಯಾನಕ್ಕೆಂದು ಸುಮಾರು ಅರ್ಧದಷ್ಟು ಬಿಟ್ಟರೂ 30-40 ಅಳತೆಯ 20 ಸೈಟುಗಳು ಏಳುತ್ತವೆ. ಒಂದೊಂದು ಸೈಟು 1,200 ಚದರಡಿ. ಹೊಲದವನಿಗೆ ಎಕರೆಗೆ 20 ಲಕ್ಷ ರೂಪಾಯಿ ಸಿಕ್ಕಿತೆಂದು ಇಟ್ಟುಕೊಳ್ಳೋಣ. ಸೈಟೊಂದಕ್ಕೆ 6 ಲಕ್ಷವೆಂದರೆ 20 ಸೈಟಿಗೆ 1 ಕೋಟಿ 20 ಲಕ್ಷ. ಭೂ ಪರಿವರ್ತನೆ, ರಸ್ತೆ, ಚರಂಡಿ, ಕೈ ಬೆಚ್ಚಗೆ ಮಾಡುವುದು ಎಲ್ಲ ಸೇರಿ 25 ಲಕ್ಷ ಖರ್ಚಾಯಿತೆಂದರೂ ನಡುವಿನವನಿಗೆ ಉಳಿದದ್ದು 75 ಲಕ್ಷ. ತಲೆಮಾರುಗಳಿಂದ ಉತ್ತವನಿಗೆ 20, ಕೆಲವೇ ತಿಂಗಳು ಕಾಗದ ಹಿಡಿದು ಓಡಾಡಿದವನಿಗೆ 75.

ಇದೇ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ನೋಡಿ. ಹೊಲ ಮಾರಿದ ಮನುಷ್ಯ ಆ 20 ಲಕ್ಷವನ್ನು ಹಿಡಿದುಕೊಂಡು ಮರುವರ್ಷ ಅದೇ ಹೊಲದಲ್ಲಿ ಸೈಟು ಕೊಳ್ಳಲು ಬಂದರೆ ಅವನಿಗೆ ಸಿಗುವುದು 3 ಸೈಟು, ಅಂದರೆ 3,600 ಚದರಡಿ. ತಾನೇ ಕೊಟ್ಟ ನೆಲದಲ್ಲಿ ಹನ್ನೆರಡನೆಯ ಒಂದು ಪಾಲು! ಅಂಕಿಗಳು ಊರಿಂದ ಊರಿಗೆ ಬದಲಾದಾವು. ಲೆಕ್ಕದ ಸ್ವರೂಪ ಬದಲಾಗದು.

1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಜಗಳ ಹತ್ತಿದ್ದು ಕೊಳಗದ ಅಳತೆಯ ಮೇಲೆ. ಗೇಣಿಯ ಬತ್ತವನ್ನು ಧಣಿಗಳು ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಿದ್ದರು. ಆ ಸತ್ಯಾಗ್ರಹಕ್ಕೆ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರು ಆ ರೈತರ ಜೊತೆ ನಿಂತರು. ಅಂದು ಕೊಳಗದಲ್ಲಿದ್ದ ಮೋಸ ಇಂದು ಚದರಡಿಯೊಳಗೆ ಸೇರಿಕೊಂಡಿದೆ. ಎಕರೆಯಲ್ಲಿ ಕೊಂಡು ಚದರಡಿಯಲ್ಲಿ ಮಾರುವವನ ಕೈಯಲ್ಲಿರುವುದು ಎರಡು ಅಳತೆಯ ಕೊಳಗವೇ ಅಲ್ಲವೆ?

ಬೆಲೆ ಯಾರದು?

"ಹೊಲ ರೈತನ ಸ್ವತ್ತು. ಬೇಕಾದವರಿಗೆ, ಬೇಕಾದ ಬೆಲೆಗೆ ಮಾರಿಕೊಳ್ಳಲಿ. ಕೊಳ್ಳುವವರು ಹೆಚ್ಚಿದರೆ ಬೆಲೆಯೂ ಏರುತ್ತದೆ" ಎಂದು ವಾದಿಸುವವರಿದ್ದಾರೆ. 2020ರಲ್ಲಿ ರಾಜ್ಯದ ಭೂ ಸುಧಾರಣಾ ಕಾಯಿದೆಗೆ ತಿದ್ದುಪಡಿ ತಂದವರ ವಾದವೂ ಇದೇ. ಅಲ್ಲಿಯವರೆಗೆ ಬೇಸಾಯಗಾರರಲ್ಲದವರೂ, ಬೇರೆ ಮೂಲಗಳಿಂದ ವರ್ಷಕ್ಕೆ 25 ಲಕ್ಷ ರೂಪಾಯಿಗೆ ಮೇಲ್ಪಟ್ಟ ವರಮಾನವಿದ್ದವರೂ ಕೃಷಿ ಭೂಮಿ ಕೊಳ್ಳಲು 79ಎ ಮತ್ತು 79ಬಿ ಕಲಮುಗಳ ತಡೆಯಿತ್ತು. ಆ ತಡೆ ಹೋಯಿತು. ಆ ಕಲಮುಗಳ ಹೆಸರಿನಲ್ಲಿ ಕಚೇರಿಗಳಲ್ಲಿ ಲಂಚ ನಡೆಯುತ್ತಿತ್ತೆಂದು ಸರಕಾರ ಹೇಳಿತು. ನಡೆಯುತ್ತಿರಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಇಲಿ ಸೇರಿತೆಂದು ಕಣಜಕ್ಕೆ ಬೆಂಕಿ ಇಡುವ ಒಕ್ಕಲಿಗನನ್ನು ನಾವು ಎಲ್ಲೂ ಕಂಡಿಲ್ಲ.

ಕೊಳ್ಳುವವರು ಹೆಚ್ಚಿದರೆ ಬೆಲೆ ಏರುತ್ತದೆಂಬುದು ನಿಜ. ಆ ಏರಿದ ಬೆಲೆ ಯಾರ ಕೈ ಸೇರುತ್ತದೆ ಎಂಬುದೇ ಪ್ರಶ್ನೆ. ನಮ್ಮ ಉತ್ತರ ಇಷ್ಟೆ: ಬೆಲೆ ಕಾಯಬಲ್ಲವನದು. ಆಸ್ಪತ್ರೆಯ ಬಿಲ್ಲು ಕೈಯಲ್ಲಿ ಹಿಡಿದವನು ಒಂದು ವಾರ ಕಾಯಲಾರ. ಬಂಡವಾಳವುಳ್ಳವನು ಐದು ವರ್ಷ ಕಾಯಬಲ್ಲ. ಸಂತೆಯಲ್ಲಿ ಟೊಮೇಟೊ ಮಾರುವ ಅಜ್ಜಿ ಕತ್ತಲಾಗುವ ಮುಂಚೆ ಸಿಕ್ಕ ಬೆಲೆಗೆ ಸುರಿದು ಹೋಗುವುದನ್ನು ನಮ್ಮ ವರ್ತಕ ಮಿತ್ರರು ದಿನವೂ ನೋಡುತ್ತಾರೆ. ಹೊಲದ ಸಂತೆಯೂ ಹಾಗೆಯೇ. "ಒಂದೇ ವಾರದಲ್ಲಿ ನಗದು" ಎಂಬ ಮಾತಿನ ಅರ್ಥ, "ನಿನಗೆ ಕಾಯುವ ಶಕ್ತಿಯಿಲ್ಲವೆಂದು ನನಗೆ ಗೊತ್ತು" ಎಂದು.

ನಗದು ಯಾರ ಅನುಕೂಲಕ್ಕೆ?

ಪಟ್ಟಣದ ಎಲ್ಲೆಯಿಂದ ಕಾಯಿದೆ ಹೇಳುವಷ್ಟು ದೂರದಲ್ಲಿರುವ ಹಳ್ಳಿಯ ಬೇಸಾಯದ ಜಮೀನನ್ನು ಮಾರಿದರೆ ಆ ಲಾಭಕ್ಕೆ ಆದಾಯ ತೆರಿಗೆಯೇ ಇಲ್ಲ. ಎಂದ ಮೇಲೆ ಹಣವನ್ನು ಚೀಲದಲ್ಲಿ ಬಚ್ಚಿಟ್ಟು ತರುವ ಅವಶ್ಯಕತೆ ಹೊಲದವನಿಗೆ ಏನಿದೆ? ಅವಶ್ಯಕತೆ ಇರುವುದು ಕೊಳ್ಳುವವನಿಗೆ. ಅವನ ಕಪ್ಪು ಹಣ ಮಣ್ಣಿನಲ್ಲಿ ಹೂತುಹೋಗಬೇಕು, ಮುದ್ರಾಂಕ ಶುಲ್ಕ ಉಳಿಯಬೇಕು. ಅಪಾಯ ಮಾತ್ರ ಮಾರುವವನ ತಲೆಗೆ. 2015ರಿಂದ ಸ್ಥಿರಾಸ್ತಿಯ ಮಾರಾಟಕ್ಕೆ 20,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಹಣವನ್ನು ನಗದಾಗಿ ಪಡೆಯಕೂಡದೆಂಬ ನಿಯಮವಿದೆ. ಮೀರಿದರೆ ಪಡೆದಷ್ಟೇ ಹಣ ದಂಡ, ಅದೂ ಪಡೆದವನಿಗೆ. ಇಬ್ಬರೂ ಬೇಸಾಯದ ಆದಾಯದವರಾಗಿದ್ದು ಇಬ್ಬರಿಗೂ ತೆರಿಗೆ ತಗಲದಿದ್ದರೆ ಮಾತ್ರ ವಿನಾಯಿತಿ. ಗಿರಣಿಯ ಸಂಬಳಗಾರನಿಗೂ ಪಟ್ಟಣದ ಬಂಡವಾಳಗಾರನಿಗೂ ಇದು ಹೇಗೆ ಅನ್ವಯಿಸೀತು?

ಇನ್ನೂ ಒಂದು ಮಾತು ಎಲ್ಲರೂ ಗಮನಿಸತಕ್ಕದ್ದು. 2013ರ ಭೂಸ್ವಾಧೀನ ಕಾಯಿದೆಯಂತೆ ನಾಳೆ ಸರಕಾರ ಆ ಊರಿನಲ್ಲಿ ಜಮೀನು ತೆಗೆದುಕೊಂಡರೆ, ಬೆಲೆ ಕಟ್ಟುವಾಗ ಹಿಂದಿನ ಮೂರು ವರ್ಷಗಳಲ್ಲಿ ಸುತ್ತಮುತ್ತ ನೋಂದಣಿಯಾದ ಕ್ರಯಪತ್ರಗಳನ್ನೂ ನೋಡುತ್ತದೆ. ಪತ್ರದಲ್ಲಿ ಕಡಿಮೆ ಬರೆಸಿ ಉಳಿದದ್ದನ್ನು ಚೀಲದಲ್ಲಿ ಪಡೆದವನು ತನ್ನ ಬೆಲೆಯನ್ನಷ್ಟೇ ಅಲ್ಲ, ಬದುವಿನಾಚೆಯ ನೆರೆಯವನ ಬೆಲೆಯನ್ನೂ ಇಳಿಸಿದಂತಾಯಿತು. ಒಬ್ಬನ ಗುಟ್ಟಿನ ಚೀಲಕ್ಕೆ ಇಡೀ ಊರು ತೆರಬೇಕಾಗುತ್ತದೆ.

ಕೊಳ್ಳುವ ಮಿತ್ರರಿಗೆ

ಈಗ ಬಜಾರಿನ ಕಂಬದ ಕಡೆಗೆ ಬರೋಣ. ಕಂತು ಕಟ್ಟಿ ಸೈಟು ಕೊಳ್ಳುವ ನಮ್ಮ ವರ್ತಕ ಮಿತ್ರರಿಗೆ ಎಷ್ಟೋ ಸಲ ಸಿಗುವುದು ಸೈಟಲ್ಲ, ಒಂದು ಅಧಿಕಾರಪತ್ರ ಮತ್ತು ಒಂದು ಕರಾರು ಕಾಗದ. ಇಂಥ ಕಾಗದಗಳಿಂದ ಮಾಲೀಕತ್ವ ಬರುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಸ್ಪಷ್ಟವಾಗಿ ಹೇಳಿದೆ. ಪರಿವರ್ತನೆಯಾಗದ ಹೊಲದಲ್ಲಿ ಸುಣ್ಣದ ಗೆರೆ ಎಳೆದು, ಕಲ್ಲು ನೆಟ್ಟು, ಅದಕ್ಕೊಂದು "ನಗರ" ಎಂದು ಹೆಸರಿಟ್ಟ ಮಾತ್ರಕ್ಕೆ ಬಡಾವಣೆಯಾಗದು. ಪಹಣಿ ನೋಡಿ, ಋಣಭಾರ ಪತ್ರ ತೆಗೆಸಿ, ನಕ್ಷೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಕೇಳಿ. 500 ಚದರ ಮೀಟರಿಗೆ ಮೀರಿದ ಬಡಾವಣೆಯಾದರೆ 2016ರ ರೇರಾ ಕಾಯಿದೆಯ ನೋಂದಣಿ ಸಂಖ್ಯೆ ಕೇಳಿ. ಮನೆಯ ಹೆಣ್ಣುಮಕ್ಕಳ ಸಹಿ ಇದೆಯೇ ನೋಡಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ನಮ್ಮ ರಾಜ್ಯದಲ್ಲಿ 1994ರಲ್ಲೇ ಬಂದಿತು, ದೇಶಕ್ಕೆಲ್ಲ 2005ರಲ್ಲಿ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರಕಾರ ಕೊಟ್ಟ ಭೂಮಿಯಾದರಂತೂ ದೂರ ನಿಲ್ಲಿ. 1978ರ ಕಾಯಿದೆಯಂತೆ ಸರಕಾರದ ಪೂರ್ವಾನುಮತಿಯಿಲ್ಲದ ಆ ಮಾರಾಟ ಶೂನ್ಯ. ಭೂಮಿ ಮೂಲದವರಿಗೆ ಹಿಂದಿರುಗುತ್ತದೆ, ಹಿಂದಿರುಗಲೂ ಬೇಕು.

"ಪತ್ರದಲ್ಲಿ ತೊಡಕಿದ್ದರೂ ಸರಿ" ಎಂದು ಹಳದಿ ಕಾಗದ ಹೇಳುವುದೇಕೆಂದು ಈಗ ತಿಳಿಯಿತೆ? ಆ ತೊಡಕನ್ನು ತೋರಿಸಿ ಮಾರುವವನ ಬೆಲೆ ಇಳಿಸುತ್ತಾರೆ. ಅದೇ ತೊಡಕನ್ನು ಮುಚ್ಚಿಟ್ಟು ಕೊಳ್ಳುವವನ ತಲೆಗೆ ಕಟ್ಟುತ್ತಾರೆ.

ಆಗಬೇಕಾದ್ದೇನು?

ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕುಳಿತರು. 2025ರ ಜುಲೈನಲ್ಲಿ ಸರಕಾರ 1,777 ಎಕರೆಯ ಸ್ವಾಧೀನವನ್ನು ಕೈಬಿಟ್ಟಿತು. ಅದೇ ಉಸಿರಿನಲ್ಲಿ, ಸ್ವಇಚ್ಛೆಯಿಂದ ಕೊಡುವವರಿದ್ದರೆ ಪಡೆಯುವುದಾಗಿಯೂ ಹೇಳಿತು. ಇದರಿಂದ ಎರಡು ಪಾಠ. ಒಟ್ಟಾಗಿ ನಿಂತವರು ಕಾಯಬಲ್ಲರು. ಒಬ್ಬೊಬ್ಬರಾದರೆ ಕಂಬದ ಕಾಗದ ಸಾಕು.

ಆದುದರಿಂದ ನಮ್ಮ ಒತ್ತಾಯಗಳು ಇವು. ಕಷ್ಟಕ್ಕೆ ಸಿಕ್ಕಿದವನಿಗೆ ಜಮೀನಿನ ಆಧಾರದ ಮೇಲೆ ಒಂದೇ ವಾರದಲ್ಲಿ ಕಡಿಮೆ ಬಡ್ಡಿಯ ಸಾಲವನ್ನು ಸಹಕಾರ ಸಂಘಗಳು ಕೊಡಲಿ. ಕಾಯುವ ಶಕ್ತಿ ಅಲ್ಲಿಂದ ಬರುತ್ತದೆ. ಹೊಲದ ಮಾರಾಟದ ಪ್ರಸ್ತಾಪ ನೋಂದಣಿಗೆ ಒಂದು ತಿಂಗಳ ಮುಂಚೆ ಗ್ರಾಮ ಪಂಚಾಯತಿಯ ಹಲಗೆಯ ಮೇಲೆ ಬರಲಿ. ಊರಿನ ಭೂಹೀನರಿಗೂ ನೆರೆಯ ರೈತರಿಗೂ ಮೊದಲ ಅವಕಾಶವಿರಲಿ. ಬಡಾವಣೆಯಾಗಲೇಬೇಕಾದ ಕಡೆ ರೈತನಿಗೆ ಚೀಲವಲ್ಲ, ಪಾಲು ಸಿಗಲಿ. ಬೆಂಗಳೂರಿನ ಕೆಂಪೇಗೌಡ ಬಡಾವಣೆಯಲ್ಲಿ ಭೂಮಿ ಕೊಟ್ಟವರಿಗೆ ಅಭಿವೃದ್ಧಿಯಾದ ನೆಲದ ನೂರಕ್ಕೆ 40 ಪಾಲು ಎಂಬ ಕ್ರಮ ಇಟ್ಟರು. ಅಲ್ಲಿ ವಿಳಂಬದ ದೂರುಗಳು ಬಂದಿರುವುದುಂಟು. ಆದರೂ ನಮ್ಮ ಕರಿಹಲಗೆಯ ಲೆಕ್ಕಕ್ಕೆ ಹಚ್ಚಿ ನೋಡಿ: 20 ಸೈಟಿನಲ್ಲಿ 8 ಸೈಟು. ನಗದಿನವನಿಗೆ ದಕ್ಕಿದ್ದು ಮೂರು. ಕೊನೆಯದಾಗಿ, 2020ರಲ್ಲಿ ಕಿತ್ತುಹಾಕಿದ ತಡೆ, ಲಂಚಕ್ಕೆ ಎಡೆಯಿಲ್ಲದಂತೆ ತಿದ್ದಲ್ಪಟ್ಟು, ಮರಳಿ ಬರಲಿ.

ಸರಕಾರ ಇದನ್ನು ತಾನಾಗಿ ಮಾಡೀತೆಂದು ಕೂರುವುದು ಬೇಡ. ಗಿರಣಿ ಬಂಧುಗಳೇ, ಹಳದಿ ಕಾಗದದ ಸಂಖ್ಯೆಗೆ ಫೋನ್ ಮಾಡುವ ಮುಂಚೆ ಊರಿಗೆ ಒಮ್ಮೆ ಹೋಗಿ ಬನ್ನಿ. ಅಣ್ಣತಮ್ಮಂದಿರ ಜೊತೆ, ಅಕ್ಕತಂಗಿಯರ ಜೊತೆ ಕುಳಿತು ಮಾತಾಡಿ. ಮಾರಲೇಬೇಕಾದ ಕಷ್ಟವಿದ್ದರೆ ಪೂರ್ತಿ ಬೆಲೆಯನ್ನು ಪತ್ರದಲ್ಲಿ ಬರೆಸಿ, ಬ್ಯಾಂಕಿನ ಮೂಲಕ ಪಡೆಯಿರಿ. ಹಣ ಖಾತೆಗೆ ಬಂದ ಮೇಲೆ ಸಹಿ ಹಾಕಿ. ಪತ್ರ ಓದಲು ಬಾರದವರು ಭಾನುವಾರ ಬೆಳಿಗ್ಗೆ ನಮ್ಮ ಕಚೇರಿಗೆ ಬರಲಿ. ನಾವು ಓದಿ ಹೇಳುತ್ತೇವೆ, ಶುಲ್ಕವಿಲ್ಲ.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂದು ಹಿರಿಯರು ಹೇಳಿದರು. ನಮ್ಮ ಜನ ಕೂತು ಉಣ್ಣುವವರೂ ಅಲ್ಲ. ದುಡಿದು ದುಡಿದೇ ಸಾಲದೆ ಹೊಲ ಮಾರುವವರು. ಅವರ ಕುಡಿಕೆಗೆ ಕೈ ಹಾಕುವವರನ್ನು ಹಗಲು ಬೆಳಕಿಗೆ ಎಳೆದು ನಿಲ್ಲಿಸುವುದು ಸಂಘದ ಕೆಲಸ, ನಮ್ಮೆಲ್ಲರ ಕೆಲಸ.