ಹನಿ ಹಿಡಿಯುವ ತಟ್ಟೆ

ಗೃಹಕೃತ್ಯದಲ್ಲಿ ದೊಡ್ಡ ಕೆಲಸಗಳಿಗಿಂತ ಸಣ್ಣ ಕೆಲಸಗಳೇ ಹೆಚ್ಚಾಗಿ ಮರೆತುಹೋಗುತ್ತವೆ. ಅಂಥವುಗಳಲ್ಲಿ ಒಂದನ್ನು ಈ ತಿಂಗಳು ವಾಚಕರ ಮುಂದಿಡುವೆವು. ಕುಡಿಯುವ ನೀರನ್ನು ಬಹುಮಂದಿ ನಲ್ಲಿಯುಳ್ಳ ಪಾತ್ರೆಯಲ್ಲಿಯೇ ತುಂಬಿಡುತ್ತಾರೆ. ಕೆಲವರ ಮನೆಯಲ್ಲಿ ಅದು ಸ್ಟೀಲಿನ ಫಿಲ್ಟರು, ಕೆಲವರಲ್ಲಿ ತಾಮ್ರದ ಕೊಳಗ, ಮತ್ತೆ ಕೆಲವರಲ್ಲಿ ನಲ್ಲಿ ಕೂರಿಸಿದ ಮಣ್ಣಿನ ಮಡಕೆ. ಪಾತ್ರೆ ಯಾವುದಾದರೂ ಆಗಲಿ, ಲೋಟವನ್ನು ತೆಗೆದ ಮೇಲೆ ನಲ್ಲಿಯ ಮೂತಿಯಲ್ಲಿ ಉಳಿದ ನಾಲ್ಕು ಹನಿ ಕೆಳಗೆ ಬೀಳುವುದು ತಪ್ಪದು. ಆ ಹನಿಗಳಿಂದ ಮರದ ಮಣೆ ಕೊಳೆಯುತ್ತದೆ, ಗೋಡೆಯ ಬುಡ ತೇವ ಹಿಡಿಯುತ್ತದೆ. ಅದಕ್ಕಿಂತ ಮುಖ್ಯವಾದುದೆಂದರೆ, ನಯವಾದ ನೆಲದ ಮೇಲೆ ಕಣ್ಣಿಗೆ ಬೀಳದಂತೆ ಹರಡಿದ ನೀರಿನಲ್ಲಿ ಮನೆಯ ಹಿರಿಯರು ಕಾಲು ಜಾರಿದರೆ ಸೊಂಟದ ಮೂಳೆಯೇ ಮುರಿಯಬಹುದು.

ಇದಕ್ಕೆ ಸಾಮಾನ್ಯವಾಗಿ ಮಾಡುವ ಉಪಾಯವೆಂದರೆ ಒಂದು ಹಳೆಯ ಬಟ್ಟೆಯನ್ನು ಮಡಿಸಿ ಕೆಳಗೆ ಹಾಕುವುದು. ಬಟ್ಟೆ ಒಂದು ದಿನ ನೀರು ಹೀರುತ್ತದೆ. ಎರಡನೆಯ ದಿನದಿಂದ ತಾನೇ ಒದ್ದೆಯ ಮುದ್ದೆಯಾಗಿ ನಾರುತ್ತದೆ. ಪಾಶ್ಚಾತ್ಯ ದೇಶಗಳ ಪಾನಗೃಹಗಳಲ್ಲಿ ಬಿಯರ್ ಸುರಿಯುವ ನಲ್ಲಿಗಳ ಕೆಳಗೆ ಒಂದು ತಟ್ಟೆಯನ್ನು ಇಟ್ಟಿರುವುದುಂಟು. ಅದರ ಏರ್ಪಾಡು ಬಹು ಸರಳ: ಕೆಳಗೆ ಹನಿ ಸೇರುವ ಪಾತ್ರೆ, ಅದರ ಮೇಲೆ ಜಾಲರಿ. ಚೆಲ್ಲಿದುದು ಜಾಲರಿಯ ಮೂಲಕ ಕೆಳಗಿಳಿಯುವುದರಿಂದ ಲೋಟದ ತಳ ತೋಯುವುದಿಲ್ಲ. ಹನಿ ಸಿಡಿದು ಹೊರಗೆ ಹಾರುವುದೂ ಕಡಮೆ. ಈ ಎರಡು ಅಂತಸ್ತಿನ ತತ್ತ್ವವನ್ನು ನಮ್ಮ ನೀರಿನ ಪಾತ್ರೆಗೂ ಅಳವಡಿಸಿಕೊಳ್ಳಬಹುದು. ಇದಕ್ಕೆ ಹೊಸದಾಗಿ ಏನನ್ನೂ ಕೊಳ್ಳಬೇಕಾದುದಿಲ್ಲ.

ಅಂಚು ಒಂದೂವರೆ ಅಂಗುಲವಾದರೂ ಎತ್ತರವಿರುವ ಹಳೆಯ ಸ್ಟೀಲಿನ ತಟ್ಟೆಯೊಂದನ್ನು ಆರಿಸಿಕೊಳ್ಳತಕ್ಕದ್ದು. ಅದರೊಳಗೆ ಒಂದೇ ಎತ್ತರದ ಮೂರು ಬಾಟಲಿ ಮುಚ್ಚಳಗಳನ್ನು ಬೋರಲಾಗಿ ಇಟ್ಟು, ಅವುಗಳ ಮೇಲೆ ಉಪಯೋಗದಲ್ಲಿಲ್ಲದ ಇಡ್ಲಿ ತಟ್ಟೆಯನ್ನು ಕೂರಿಸಬೇಕು. ಇಡ್ಲಿ ತಟ್ಟೆಯ ಒಂದು ಕುಳಿ ನಲ್ಲಿಯ ಮೂತಿಗೆ ನೇರವಾಗಿ ಬರುವಂತೆ ನೋಡಿಕೊಂಡರೆ, ಬಿದ್ದ ಹನಿ ಕುಳಿಯ ರಂಧ್ರಗಳಿಂದ ತಾನಾಗಿ ಕೆಳಗಿಳಿಯುವುದು. ರಂಧ್ರ ತೀರ ಚಿಕ್ಕದಾಗಿ ನೀರು ಅಲ್ಲಿಯೇ ನಿಂತರೆ, ಹತ್ತಿಯ ದಾರದ ತುಂಡೊಂದನ್ನು ಅದರಲ್ಲಿ ತೂರಿಸಿ ಕೆಳಗೆ ಇಳಿಬಿಡಿ; ನೀರು ದಾರವನ್ನು ಹಿಡಿದು ಇಳಿಯುತ್ತದೆ. ಇಡ್ಲಿ ತಟ್ಟೆ ದೊರೆಯದವರಿಗೆ ಹಳೆಯ ಸ್ಟೀಲಿನ ಜರಡಿಯಾದರೂ ಸಾಕು.

ಬಚ್ಚಲುಮನೆಯ ನಲ್ಲಿ ರಾತ್ರಿಯೆಲ್ಲ ಬಕೆಟ್ಟಿಗೆ ಹನಿ ಬೀಳಿಸಿ ಸದ್ದು ಮಾಡುತ್ತಿದ್ದರೆ ಅಲ್ಲಿಯೂ ಇದೇ ದಾರದ ಉಪಾಯ ನಡೆಯುವುದು. ನಲ್ಲಿಯ ಮೂತಿಗೆ ದಾರವೊಂದನ್ನು ಕಟ್ಟಿ ಬಕೆಟ್ಟಿನ ತಳದವರೆಗೆ ಬಿಟ್ಟರೆ ಹನಿ ದಾರದ ಮೇಲೆ ಮೌನವಾಗಿ ಜಾರುತ್ತದೆ. ಕುಡಿಯುವ ನೀರಿನ ನಲ್ಲಿಗೆ ಮಾತ್ರ ದಾರ ಕಟ್ಟಬಾರದು. ಸದಾ ಒದ್ದೆಯಾಗಿರುವ ದಾರದಲ್ಲಿ ಕೊಳೆ ಕೂರುತ್ತದೆ.

ಮಣ್ಣಿನ ಮಡಕೆಯ ವಿಷಯ ಸ್ವಲ್ಪ ಬೇರೆ. ಅದರ ಮೈಯೆಲ್ಲ ಬೆವರುವುದು ದೋಷವಲ್ಲ, ಗುಣ. ಮಣ್ಣಿನ ಸೂಕ್ಷ್ಮ ರಂಧ್ರಗಳಿಂದ ಹೊರಬಂದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ತೆಗೆದುಕೊಂಡು ಹೋಗುವುದರಿಂದಲೇ ಆ ನೀರು ತಂಪಾಗುತ್ತದೆ. ಆದುದರಿಂದ ಮಡಕೆಯ ಹೊರಮೈಗೆ ಬಣ್ಣವನ್ನಾಗಲಿ ವಾರ್ನಿಷನ್ನಾಗಲಿ ಬಳಿದು ಬೆವರನ್ನು ನಿಲ್ಲಿಸಬಾರದು. ನಲ್ಲಿಯ ಕೆಳಗಿನ ತಟ್ಟೆಯಲ್ಲದೆ ಮಡಕೆಯ ತಳಕ್ಕೂ ಅಗಲವಾದ ತಟ್ಟೆಯೊಂದನ್ನಿಟ್ಟು, ಅದರೊಳಗೆ ಸ್ಟೀಲಿನ ಸಿಂಬಿಯ ಮೇಲೆ ಮಡಕೆಯನ್ನು ಕೂರಿಸಿದರೆ ಸಾಕು.

ಇನ್ನು ಈ ಲೇಖನದ ಮುಖ್ಯ ಮಾತಿಗೆ ಬರುವೆವು. ತಟ್ಟೆಯನ್ನು ಇಟ್ಟು ಮರೆತರೆ, ಇಡದಿದ್ದುದೇ ಲೇಸೆನ್ನಿಸೀತು. ಡೆಂಗೀ ಜ್ವರವನ್ನು ಹರಡುವ ಈಡಿಸ್ ಸೊಳ್ಳೆ ಕೊಳಚೆಯನ್ನು ಹುಡುಕಿಕೊಂಡು ಹೋಗತಕ್ಕದ್ದಲ್ಲ. ಮನೆಯೊಳಗೆ ಪಾತ್ರೆಗಳಲ್ಲಿ ನಿಂತ ತಿಳಿನೀರೇ ಅದಕ್ಕೆ ಪ್ರಿಯ. ನಮ್ಮ ಸೆಕೆಯಲ್ಲಿ ಮೊಟ್ಟೆಯಿಂದ ರೆಕ್ಕೆಯ ಸೊಳ್ಳೆಯಾಗಲು ಅದಕ್ಕೆ ವಾರದಿಂದ ಹತ್ತು ದಿನ ಸಾಕು. ತಟ್ಟೆಯೊಳಗಿನ ಎರಡು ಲೋಟ ನೀರು, ಅದೂ ಜಾಲರಿಯ ನೆರಳಿನಲ್ಲಿ, ಅದರ ಸಂಸಾರಕ್ಕೆ ಧಾರಾಳವಾಯಿತು. 2024ರಲ್ಲಿ ಕರ್ನಾಟಕ ಸರ್ಕಾರವು ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಎಡೆಗೊಟ್ಟ ಮನೆಗಳಿಗೆ ನಗರಗಳಲ್ಲಿ 400 ರೂಪಾಯಿ, ಹಳ್ಳಿಗಳಲ್ಲಿ 200 ರೂಪಾಯಿ ದಂಡವನ್ನು ಗೊತ್ತುಮಾಡಿತು. ದಂಡ ಹೋದರೆ ಹೋಗಲಿ, ಮನೆಯ ಮಗು ಜ್ವರದಿಂದ ಮಲಗಿದರೆ ಅದಕ್ಕೆ ಬೆಲೆ ಕಟ್ಟುವವರಾರು?

ಆದಕಾರಣ ತಟ್ಟೆಯ ನೀರನ್ನು ಪ್ರತಿದಿನವೂ ಚೆಲ್ಲತಕ್ಕದ್ದು. ಅಷ್ಟೇ ಸಾಲದು. ಈ ಸೊಳ್ಳೆಯ ಮೊಟ್ಟೆಗಳು ನೀರಿನ ಮಟ್ಟಕ್ಕಿಂತ ತುಸು ಮೇಲೆ ಪಾತ್ರೆಯ ಅಂಚಿಗೆ ಅಂಟಿಕೊಂಡಿರುತ್ತವೆ; ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಿರಬಲ್ಲವು. ವಾರಕ್ಕೊಮ್ಮೆ, ಶುಕ್ರವಾರವೋ ಶನಿವಾರವೋ ಒಂದು ದಿನವನ್ನು ಗೊತ್ತುಮಾಡಿಕೊಂಡು, ತಟ್ಟೆಯ ಅಂಚನ್ನು ತೆಂಗಿನ ನಾರಿನಿಂದ ಗಸಗಸನೆ ಉಜ್ಜಿ, ಬಿಸಿಲಿನಲ್ಲಿ ಒಣಗಿಸಬೇಕು. ಚೆಲ್ಲುವ ನೀರನ್ನು ತುಳಸಿಗೋ ಕರಿಬೇವಿನ ಗಿಡಕ್ಕೋ ಹಾಕಿದರೆ ನಷ್ಟವೇನೂ ಇಲ್ಲ.

ಹೀಗೆ ದಿನವೂ ಚೆಲ್ಲುವವರಿಗೆ ಇನ್ನೊಂದು ಲಾಭವುಂಟು: ತಟ್ಟೆಯೇ ನಲ್ಲಿಯ ಆರೋಗ್ಯವನ್ನು ತಿಳಿಸುವುದು. ರಾತ್ರಿ 10 ಗಂಟೆಗೆ ತಟ್ಟೆಯನ್ನು ಬರಿದುಮಾಡಿ ಬೆಳಗ್ಗೆ 6ಕ್ಕೆ ನೋಡಿರಿ. ಸುಮಾರು 20 ಹನಿಗೆ ಒಂದು ಮಿಲಿಲೀಟರು ಎಂದು ಲೆಕ್ಕ ಹಿಡಿದರೆ, ನಿಮಿಷಕ್ಕೊಂದು ಹನಿಯಂತೆ ಬಿದ್ದ ನೀರು ಐದು ಟೀ ಚಮಚದಷ್ಟಿರುತ್ತದೆ. ಸೆಕೆಂಡಿಗೊಂದು ಹನಿಯಾದರೆ ಅದೇ ಅವಧಿಯಲ್ಲಿ ಸುಮಾರು ಒಂದೂವರೆ ಲೀಟರು. ದಿನಕ್ಕೆ 4 ಲೀಟರಿಗೆ ಮೇಲೆ, ವರ್ಷಕ್ಕೆ 1,500 ಲೀಟರಿಗೂ ಹೆಚ್ಚು. ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆ ಸುಮ್ಮನೆ ಹುಟ್ಟಿದುದಲ್ಲ. ಬೆಂಗಳೂರಿಗೆ ಕಾವೇರಿಯ ನೀರು ಸುಮಾರು 100 ಕಿಲೋಮೀಟರು ದೂರದಿಂದ, ಏರುನೆಲದ ಮೇಲೆ ಪಂಪುಗಳ ಬಲದಿಂದ ಬರುತ್ತದೆ. 2024ರ ಬೇಸಗೆಯಲ್ಲಿ ಟ್ಯಾಂಕರಿಗಾಗಿ ಕಾದ ಆ ನಗರದ ಗೃಹಸ್ಥರಿಗೆ ಈ ಲೆಕ್ಕವನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ.

ಬೆಳಗ್ಗೆ ತಟ್ಟೆಯಲ್ಲಿ ಚಮಚಗಳ ಲೆಕ್ಕ ಮೀರಿ ಲೋಟದ ಲೆಕ್ಕ ಬಂದಿತೆಂದರೆ ತಟ್ಟೆಯನ್ನು ದೊಡ್ಡದು ಮಾಡುವುದು ಪರಿಹಾರವಲ್ಲ, ನಲ್ಲಿಯನ್ನು ಬಿಚ್ಚಬೇಕು. ಪಾತ್ರೆಯನ್ನು ಬರಿದುಮಾಡಿ ನಲ್ಲಿಯನ್ನು ಕಳಚಿ ನೋಡಿದರೆ ಹಲವು ವೇಳೆ ರಬ್ಬರಿನ ವಾಷರು ಗಡುಸಾಗಿಯೋ ಸೀಳಿಯೋ ಇರುವುದು ಕಾಣುವುದು. ಅಂಥದೇ ಅಳತೆಯ ಹೊಸ ವಾಷರನ್ನು ಹಾಕಿದರೆ ಕೆಲಸ ಮುಗಿಯಿತು. ಕೊಳವೆಬಾವಿಯ ಗಡಸು ನೀರನ್ನು ಬಳಸುವ ಮನೆಗಳಲ್ಲಿ ಸುಣ್ಣದಂಥ ಬಿಳಿಯ ಪೊರೆ ಕಟ್ಟಿ ನಲ್ಲಿ ಪೂರ್ತಿ ಮುಚ್ಚಿಕೊಳ್ಳದಿರುವುದೂ ಉಂಟು. ಅದನ್ನು ನಿಂಬೆರಸದಲ್ಲಿ ಕೆಲವು ಗಂಟೆ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಚೆನ್ನಾಗಿ ತೊಳೆದರೆ ಪೊರೆ ಬಿಡುತ್ತದೆ.

ತಟ್ಟೆ ಲೋಟದಿಂದ ಉಳಿದ ಹನಿಯನ್ನು ಹಿಡಿಯಲಿ. ಸೋರುವ ನಲ್ಲಿಯ ದೋಷವನ್ನು ಮುಚ್ಚದಿರಲಿ. ಈ ಎರಡಕ್ಕೂ ಇರುವ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡ ಗೃಹಿಣಿಗೆ ಒಂದು ಹಳೆಯ ಇಡ್ಲಿ ತಟ್ಟೆಯೇ ನೆಲವನ್ನು ಒಣದಾಗಿ, ಮಕ್ಕಳನ್ನು ಕ್ಷೇಮವಾಗಿ ಇಡಲು ನೆರವಾಗುವುದೆಂದು ನಮ್ಮ ನಂಬಿಕೆ.